ಬಾವಿಯ ತಳದ ಅಜ್ಞಾತ ಕುಲಗಳು

ಬೇಸಿಗೆ ಸಮೀಪಿಸಿದಂತೆ ಭಾಲ್ಕಿ, ಔರಾದ್ ಸೀಮೆಯಲ್ಲಿ ಬಾವಿಯ ಹೂಳೆತ್ತುವ, ಕೊಳವೆಬಾವಿಯನ್ನು ಆಳಗೊಳಿಸುವ ಕೆಲಸ ಆರಂಭವಾಗುತ್ತದೆ. ಎಷ್ಟು ಅಡಿಗೆ ನೀರು ಸಿಕ್ಕಿತೆಂಬುದು ಎಲ್ಲರ ಮಾತು. ಆ ನೀರಿನಲ್ಲಿ ಯಾವ ಜೀವಿಗಳು ನೆಲೆಸಿವೆ ಎಂಬ ಪ್ರಶ್ನೆ ಅಪರೂಪ.

ಅಂತರ್ಜಲವೂ ಕಾಡಿನಂತೆಯೇ ಒಂದು ಜೀವನೆಲೆ. ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ ಕಠಿಣಚರ್ಮಿಗಳು ಶಿಲೆಯ ಬಿರುಕುಗಳಲ್ಲಿ, ಮರಳಿನ ಸಂದುಗಳಲ್ಲಿ ಬದುಕುತ್ತವೆ. ಅವುಗಳಲ್ಲಿ ಬಹುಪಾಲಿಗೆ ಕಣ್ಣಿಲ್ಲ, ಬಣ್ಣವಿಲ್ಲ. ಬ್ಯಾಕ್ಟೀರಿಯಾಗಳ ಲೋಳೆಪದರವನ್ನು ಮೇಯುತ್ತ ಅವು ನೀರಿನ ದಾರಿಗಳನ್ನು ತೆರೆದಿಡಲು ನೆರವಾಗುತ್ತವೆ. ಇಡುವ ಮೊಟ್ಟೆಗಳು ಕೆಲವೇ. ಆದ್ದರಿಂದ ಒಮ್ಮೆ ಕುಸಿದ ಸಂತತಿ ಬೇಗ ಚೇತರಿಸಿಕೊಳ್ಳಲಾರದು.

ಕತ್ತಲೆಯ ಬದುಕು ಇವೆಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ರೂಪಿಸಿದೆ. ಸೂಕ್ಷ್ಮದರ್ಶಕಕ್ಕೆ ಒಂದಾಗಿ ಕಂಡದ್ದು ವಂಶವಾಹಿಗೆ ಹಲವಾಗಿ ಕಾಣುವುದು ಇದರಿಂದಲೇ. ಸುಮಾರು 650 ಅಕ್ಷರಗಳ ಒಂದು ಡಿಎನ್‌ಎ ತುಣುಕನ್ನು ಹೋಲಿಸಿ ಪ್ರಭೇದಗಳನ್ನು ಗುರುತಿಸುವ ವಿಧಾನವನ್ನು 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಮುಂದಿಟ್ಟಿತು. ಫ್ರಾನ್ಸಿನಲ್ಲಿ ಒಂದೇ ಪ್ರಭೇದವೆನಿಸಿದ್ದ ನಿಫಾರ್ಗಸ್ ವಿರೇ ಎಂಬ ಅಂತರ್ಜಲ ಜೀವಿಯಲ್ಲಿ ಮೂರು ಪ್ರತ್ಯೇಕ ವಂಶಗಳಿರುವುದು 2006ರಲ್ಲಿ ಬೆಳಕಿಗೆ ಬಂತು. 200 ಕಿಲೋಮೀಟರಿಗಿಂತ ವಿಶಾಲವಾಗಿ ಹರಡಿರುವ ಅಂತರ್ಜಲ ಪ್ರಭೇದಗಳು ಅಪರೂಪವೆಂದು 2009ರ ಯುರೋಪಿನ ಅಧ್ಯಯನವೊಂದು ತಿಳಿಸಿತು. ಬೇರೆಲ್ಲಿಯೋ ಉಳಿದಿರಬಹುದೆಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ನಮ್ಮ ನೆರೆಯಲ್ಲೂ ನಿದರ್ಶನವಿದೆ. ಆಂಧ್ರಪ್ರದೇಶದ ಅಂತರ್ಜಲದಿಂದ ಆಂಧ್ರಕಾಯ್ಡಿಸ್ ಎಂಬ ಹೊಸ ಕುಲವನ್ನು 2011ರಲ್ಲಿ ವಿಲ್ಸನ್ ಮತ್ತು ವೈ. ರಂಗಾರೆಡ್ಡಿ ವಿವರಿಸಿದರು. ಇದರ ಬಂಧುಗಳು ಆಸ್ಟ್ರೇಲಿಯದಲ್ಲೂ ಇವೆ. ಗೊಂಡ್ವಾನಾ ಭೂಖಂಡ ಒಡೆಯುವ ಮುನ್ನಿನ ನೆನಪನ್ನು ಈ ಕುರುಡುಜೀವಿ ಹೊತ್ತಿದೆ.

ಬೀದರದ ಪ್ರಸ್ಥಭೂಮಿಯಲ್ಲಿ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಹೀರುತ್ತದೆ. ಅಡಿಯ ಕರಿಗಲ್ಲು ಅದನ್ನು ತಡೆದು ನಿಲ್ಲಿಸುತ್ತದೆ. ಈ ಗುಣವನ್ನರಿತೇ ಬಹಮನಿಗಳ ಕಾಲದಲ್ಲಿ ನೌಬಾದಿನ ಸುರಂಗ ಕಾಲುವೆ, ಅಂದರೆ ಕರೇಜ್, ನಿರ್ಮಾಣವಾಯಿತು. ಭಾಲ್ಕಿ, ಔರಾದಿನ ಕಪ್ಪು ನೆಲದಡಿಯ ನೀರಾದರೋ ಕರಿಗಲ್ಲಿನ ಬಿರುಕುಗಳಲ್ಲಿ ನಿಂತಿದೆ. ಹೀಗೆ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ನೆಲೆಗಳಿವೆ. ಕೀಟನಾಶಕದ ಡಬ್ಬಿಯನ್ನು ಬಾವಿಯಲ್ಲಿ ತೊಳೆಯುವುದು, ಪಾಳುಬಾವಿಗೆ ಕಸ ತುಂಬುವುದು, ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರೆತ್ತುವುದು ಹೆಸರಿಡುವ ಮೊದಲೇ ಒಂದು ಕುಲವನ್ನು ಅಳಿಸಬಲ್ಲವು. ಅದೇ ನೀರನ್ನು ನಾವೂ ಕುಡಿಯುತ್ತೇವೆ.

ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಮರ, ಹಕ್ಕಿ, ಔಷಧಿ ಸಸ್ಯಗಳ ಪುಟಗಳ ಜೊತೆಗೆ ಅದರಲ್ಲಿ ಬಾವಿಗೂ ಒಂದು ಪುಟವಿರಲಿ. ಹೂಳೆತ್ತುವ ಮುನ್ನ ಸಣ್ಣ ಕಣ್ಣಿನ ಬಲೆಯನ್ನು ತಳದವರೆಗೆ ಇಳಿಸಿ, ಸಿಕ್ಕ ಜೀವಿಗಳನ್ನು ಆಲ್ಕೋಹಾಲಿನಲ್ಲಿಟ್ಟು ಸ್ಥಳ, ದಿನಾಂಕ ಬರೆದಿಡುವುದು ಕಾಲೇಜು ವಿದ್ಯಾರ್ಥಿಗಳಿಗೆ ಸಾಧ್ಯ. ವಂಶವಾಹಿ ಪರೀಕ್ಷೆಯನ್ನು ವಿಶ್ವವಿದ್ಯಾಲಯಗಳು ವಹಿಸಿಕೊಳ್ಳಲಿ.

2011ರಲ್ಲಿ ಪಶ್ಚಿಮ ಘಟ್ಟದ ಇರುಳುಗಪ್ಪೆಗಳಲ್ಲಿ 12 ಹೊಸ ಪ್ರಭೇದಗಳು ಪತ್ತೆಯಾದವು. ಕಪ್ಪೆಗೆ ಕೂಗುವ ದನಿಯಾದರೂ ಇದೆ. ದನಿಯಿಲ್ಲದ ಈ ಜೀವಿಗಳ ಪರವಾಗಿ ಗ್ರಾಮಸಭೆಯೇ ಮಾತನಾಡಬೇಕಾಗಿದೆ.