‘ಸರ್ವರ್ ಇಲ್ಲ’ ಎಂಬುದು ಉತ್ತರವೇ?

ಕಳೆದ ಬೇಸಿಗೆಯಲ್ಲಿ ನನ್ನ ತಂದೆಯವರು ಒಂದು ದಾಖಲೆಗಾಗಿ ಮಾಸೂರಿನಿಂದ ಒಂದು ಕಚೇರಿಗೆ ಮೂರು ಸಲ ಅಲೆದರು. ಮೂರು ಸಲವೂ ದೊರೆತ ಉತ್ತರ ಒಂದೇ: “ಸರ್ವರ್ ಇಲ್ಲ, ನಾಳೆ ಬಾ.” ಮೂರು ದಿನದ ಕೂಲಿ ಹೋಯಿತು. ಶಾಲೆಯ ಮೆಟ್ಟಿಲು ಹತ್ತದ ಅವರು ರಾತ್ರಿ ನನ್ನನ್ನು ಕೇಳಿದರು: “ಇಲ್ಲ ಅಂದ್ರ ಅದು ಎಲ್ಲಿ ಹೋಗೈತಿ? ನೀ ಬಿ.ಎ. ಓದಾಕತ್ತೀಯಲ್ಲ, ಹೇಳು.” ನಾನು ನಿರುತ್ತರನಾದೆ. ಆ ಲಜ್ಜೆಯೇ ಈ ಲೇಖನಕ್ಕೆ ಕಾರಣ.

ಮದಗದ ಕೆರೆಯ ನೀರು ಗದ್ದೆಗೆ ಬಾರದಿದ್ದರೆ ನಮ್ಮ ಹಿರಿಯರು ‘ಕೆರೆ ಇಲ್ಲ’ ಎಂದು ಕೈಕಟ್ಟಿ ಕೂಡುವುದಿಲ್ಲ. ಹೆಗಲಿಗೆ ಸಲಿಕೆ ಏರಿಸಿ ಗದ್ದೆಯಿಂದ ತೂಬಿನವರೆಗೆ ಕಾಲುವೆಗುಂಟ ನಡೆಯುತ್ತಾರೆ. ಎಲ್ಲಿ ಒಡೆದಿದೆ, ಎಲ್ಲಿ ಹೂಳು ಕಟ್ಟಿದೆ ಎಂದು ನೋಡುತ್ತಾರೆ. ಸರ್ವರ್ ಎಂಬುದೂ ಎಲ್ಲಿಯೋ ಇರುವ ಒಂದು ಕಂಪ್ಯೂಟರೇ. ಅದರ ದಾರಿಯನ್ನು ನಡೆದು ನೋಡಲು ಚಿಕ್ಕ ಚಿಕ್ಕ ಆಜ್ಞೆಗಳಿವೆ. ಚಿತ್ರಗಳನ್ನು ಒತ್ತಬೇಕಿಲ್ಲ; ಕಪ್ಪು ತೆರೆಯ ಮೇಲೆ ಒಂದು ಶಬ್ದ ಬರೆದರೆ ಸಾಕು.

1983ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು ರಚಿಸಿದ ‘ಪಿಂಗ್’, “ಇದ್ದೀಯಾ?” ಎಂದು ದೂರದ ಯಂತ್ರವನ್ನು ಕೂಗಿ, ಮರುದನಿ ಬರಲು ಹಿಡಿದ ಕಾಲವನ್ನು ಸೆಕೆಂಡಿನ ಸಾವಿರದ ಭಾಗಗಳಲ್ಲಿ ತಿಳಿಸುತ್ತದೆ. ‘ಟ್ರೇಸ್‌ರೂಟ್’ ನಡುವಿನ ಒಂದೊಂದು ತಂಗುದಾಣವನ್ನೂ ತೋರಿಸುತ್ತದೆ. ಆದರೆ ಕೆಲವು ಯಂತ್ರಗಳಿಗೆ ಉತ್ತರಿಸಬೇಡವೆಂದೇ ಕಟ್ಟಪ್ಪಣೆಯಿರುವುದುಂಟು; ಆದ್ದರಿಂದ ಮೌನವೊಂದನ್ನೇ ನೆಚ್ಚಿ ಸರ್ವರ್ ಸತ್ತಿದೆ ಎನ್ನಲಾಗದು. ಯಂತ್ರದ ಒಳಹೊಕ್ಕವರಿಗೆ ‘ಅಪ್‌ಟೈಮ್’ ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಹೊರೆಯನ್ನು ಹೇಳುತ್ತದೆ, ‘ಡಿ.ಎಫ್.’ ಡಿಸ್ಕ್ ಎಷ್ಟು ತುಂಬಿದೆ ಎಂಬುದನ್ನು. ‘ಟೇಲ್’ ಯಂತ್ರದ ದಿನಚರಿಯ ಕೊನೆಯ ಸಾಲುಗಳನ್ನು.

ನಾನು ಸಂಜೆ ದುಡಿಯುವ ಅಂಗಡಿಯ ಸರ್ವರ್ ಒಮ್ಮೆ ಏನನ್ನೂ ಬರೆದುಕೊಳ್ಳದಾಯಿತು. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ದೊಡ್ಡದೊಂದು ದಿನಚರಿ ಕಡತವನ್ನು ಅಳಿಸಿದೆವು. ಆದರೂ ಜಾಗ ತೆರವಾಗಲಿಲ್ಲ! ‘ಎಲ್.ಎಸ್.ಓ.ಎಫ್.’ ಎಂಬ ಆಜ್ಞೆಯಿಂದ ಗುಟ್ಟು ಹೊರಬಿದ್ದಿತು: ಅಳಿಸಿದ ಕಡತವನ್ನು ಒಂದು ಪ್ರೋಗ್ರಾಮು ಇನ್ನೂ ತೆರೆದೇ ಹಿಡಿದಿತ್ತು. ಹೆಸರು ಪಟ್ಟಿಯಿಂದ ಹೋದರೂ ಬಾಡಿಗೆದಾರ ಮನೆ ಬಿಡದಂತೆ! ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಆರಂಭಿಸಿದೊಡನೆ ಜಾಗ ತೆರವಾಯಿತು.

ಇದು ವಿಜ್ಞಾನದವರ ಕೆಲಸ, ಕಲಾ ವಿದ್ಯಾರ್ಥಿಗೇಕೆ ಎಂದು ಕೆಲವು ಮಿತ್ರರು ನಗುತ್ತಾರೆ. ಸಾಕ್ಷ್ಯವನ್ನು ಪರೀಕ್ಷಿಸಿ ಕಾರಣವನ್ನು ಹುಡುಕುವುದನ್ನೇ ಇತಿಹಾಸದ ತರಗತಿಯಲ್ಲಿ ನಾವು ಕಲಿಯುವುದಲ್ಲವೇ? ನಾಳೆ ಕಚೇರಿಗಳ ಕಿಟಕಿಯ ಹಿಂದೆ ಕೂಡುವವರು ನಮ್ಮಲ್ಲಿಯೇ ಅನೇಕರು. ದೂರದ ಸರ್ವರನ್ನು ನಾವು ದುರಸ್ತಿ ಮಾಡಲಾರೆವು, ನಿಜ. ಆದರೆ ಕೆಟ್ಟದ್ದು ನಮ್ಮ ಕಚೇರಿಯ ತಂತಿಯೋ ದೂರದ ಯಂತ್ರವೋ ಎಂಬುದನ್ನು ಬಹುಮಟ್ಟಿಗೆ ತಿಳಿದು ದೂರು ಕೊಡಬಲ್ಲೆವು. ದೋಷವೇನು, ಯಾವಾಗ ಬರಬೇಕು ಎಂದು ಹಲಗೆಯ ಮೇಲೆ ಬರೆಯಬಲ್ಲೆವು. ಕೂಲಿಯವನಿಗೆ ಅಷ್ಟೇ ಒಂದು ದಿನದ ಅನ್ನ.

1991ರಲ್ಲಿ ಹುಟ್ಟಿದ ಲಿನಕ್ಸ್‌ಗೆ ಬೆಲೆಯಿಲ್ಲ. ಹಳೆಯ ಕಂಪ್ಯೂಟರಿನಲ್ಲಿಯೂ ಅದು ನಡೆಯುತ್ತದೆ. ವಾರಕ್ಕೆ ಎರಡು ತಾಸು ಈ ಆಜ್ಞೆಗಳನ್ನು ಕಲಿಸಲು ಗುರುಜನರು ಮನಸ್ಸು ಮಾಡಬೇಕೆಂದು ನನ್ನ ವಿನಂತಿ. ‘ನಾಳೆ ಬಾ’ ಎನ್ನುವ ಮುನ್ನ ಕಾಲುವೆಗುಂಟ ಒಮ್ಮೆ ನಡೆದು ನೋಡುವ ಪದವೀಧರರು ನಾವಾಗೋಣ.