ಘು, ಟಿ ಮತ್ತು ಸರ್ನಾಕ್

ಆವತಿಯ ಹೆದ್ದಾರಿ ಬದಿಯ ಟೀ ಅಂಗಡಿಯಲ್ಲಿ, ಕೊರಳಲ್ಲಿ ಐಡಿ ಕಾರ್ಡ್ ನೇತುಬಿದ್ದಿದ್ದ ಇಬ್ಬರು ಹುಡುಗರು ಜೋರಾಗಿಯೇ ವಾದಿಸುತ್ತಿದ್ದರು. ದೇವನಹಳ್ಳಿ ಸುತ್ತಿನ ಲೇಔಟ್‌ನವರಿಗೆ ಜಮೀನಿನ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯುವವರೆಂದು ಮಾತಿನಿಂದ ತಿಳಿಯಿತು. "ಉದ್ದುದ್ದ ಹೆಸರಿಟ್ರೆ ಕೋಡ್ ಓದೋಕಾಗಲ್ಲ ಗುರೂ" ಎಂದ ಒಬ್ಬ. "ಚಿಕ್ಕದಿಟ್ರೆ ನಾಳೆ ಬರೋ ಹೊಸಬನಿಗೆ ನೀನೇ ಹೋಗಿ ಹೇಳ್ಕೊಡ್ತೀಯಾ?" ಎಂದ ಇನ್ನೊಬ್ಬ. ಕೋಡಿನಲ್ಲಿ ಹೆಸರಿಡಲು ಸೋಮವಾರದೊಳಗೆ ಕಂಪನಿಗೆಲ್ಲ ಒಂದೇ ನಿಯಮ ಗೊತ್ತುಮಾಡಬೇಕಂತೆ.

ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕುವುದೋ, ಎರಡನೆಯ ಪದವನ್ನು ದೊಡ್ಡಕ್ಷರದಿಂದ ಶುರುಮಾಡುವುದೋ ಎಂಬುದು ಬೇಗ ಮುಗಿಯುವ ಮಾತು. ಪೈಥಾನ್‌ನವರು 2001ರಲ್ಲಿ ಬರೆದಿಟ್ಟ ಪೆಪ್ 8 ಎಂಬ ನಿಯಮಾವಳಿ ಮೊದಲನೆಯದನ್ನು ಹೇಳುತ್ತದೆ, ಜಾವಾದವರ ರೂಢಿ ಎರಡನೆಯದು. ಬರೆಯುವ ಭಾಷೆಯ ರೂಢಿ ಹಿಡಿದರೆ ಸಾಕು. ಗಿಡ್ಡ-ಉದ್ದದ ಜಗಳ ಹಾಗಲ್ಲ, ಅದು ಕ್ರಿಸ್ತಪೂರ್ವದ್ದು. ನಾನು ಎಲ್ಲಿಗೆ ಹೊರಟೆನೆಂದು ಈ ಅಂಕಣದ ಓದುಗರಿಗೆ ಗೊತ್ತಾಗಿರಬೇಕು.

ಸಂಸ್ಕೃತ ವ್ಯಾಕರಣಕ್ಕೆ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಕಟ್ಟಿದ ಪಾಣಿನಿ ಎರಡೂ ಬಗೆಯ ಹೆಸರುಗಳನ್ನು ಇಟ್ಟ. 'ದಾ', 'ಧಾ' ರೂಪದ ಧಾತುಗಳಿಗೆ 'ಘು' ಎಂದ. ಶಬ್ದದ ಕೊನೆಯ ಸ್ವರದಿಂದ ಹಿಡಿದು ತುದಿಯವರೆಗಿನ ಭಾಗಕ್ಕೆ 'ಟಿ' ಎಂದ. ಇವಕ್ಕೆ ಲೋಕದಲ್ಲಿ ಯಾವ ಅರ್ಥವೂ ಇಲ್ಲ. ಅದೇ ಪಾಣಿನಿ 'ಸರ್ವನಾಮ' ಎಂಬಲ್ಲಿ ನಾಲ್ಕಕ್ಷರ ಖರ್ಚು ಮಾಡಿದ. ಇಷ್ಟು ದೊಡ್ಡ ಸಂಜ್ಞೆ ಏಕೆ ಎಂಬ ಪ್ರಶ್ನೆಯನ್ನು ಭಾಷ್ಯಕಾರ ಪತಂಜಲಿ ಎತ್ತಿಕೊಳ್ಳುತ್ತಾನೆ. ಅರ್ಥವೂ ಹೆಸರಿನ ಜೊತೆಗೇ ಬರಲಿ ಎಂದು, ಎಂಬುದು ಅವನ ಸಮಾಧಾನ. ಒಬ್ಬ ಮನುಷ್ಯನಿಗೆ 'ಸರ್ವ' ಎಂದೇ ಹೆಸರಿದ್ದರೆ ಅವನಿಗೆ ಕೊಡುವಾಗ 'ಸರ್ವಾಯ' ಎನ್ನಬೇಕು, ಸರ್ವನಾಮದ ರೂಪವಾದ 'ಸರ್ವಸ್ಮೈ' ಅಲ್ಲ. ಆ ಶಬ್ದ ಅಲ್ಲಿ ಎಲ್ಲರನ್ನೂ ಹೇಳುತ್ತಿಲ್ಲವಲ್ಲ. ಹೆಸರಿನ ಉದ್ದವೇ ಅಲ್ಲಿ ತಪ್ಪನ್ನು ತಡೆಯುತ್ತದೆ.

ಇನ್ನು ಅನುಬಂಧಗಳು, ಅಂದರೆ ಪ್ರತ್ಯಯಕ್ಕೆ ಅಂಟಿಸಿದ ಗುರುತಿನ ಅಕ್ಷರಗಳು. 'ಕೃ' ಧಾತುವಿಗೆ 'ತೃಚ್' ಸೇರಿದರೆ ಧಾತುವಿನ ಸ್ವರ ಬದಲಾಗಿ, ಅಂದರೆ ಗುಣ ಬಂದು, 'ಕರ್ತೃ' ಆಗುತ್ತದೆ. 'ಕ್ತ್ವಾ' ಸೇರಿದರೆ 'ಕೃತ್ವಾ' ಎಂದೇ ಉಳಿಯುತ್ತದೆ. ಮುಂದಿನ ಆ ಕಕಾರ ಉಚ್ಚಾರಣೆಗೆ ಬರುವುದಿಲ್ಲ, 'ಇಲ್ಲಿ ಗುಣ ಬೇಡ' ಎಂದು ತಿಳಿಸಿ ಲೋಪವಾಗುತ್ತದೆ. ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಚಾರ್ಲ್ಸ್ ಸಿಮೋನಿ ಪ್ರೋಗ್ರಾಮುಗಳಲ್ಲಿ ತಂದದ್ದೂ ಇಂಥದ್ದನ್ನೇ: ಇದು ಯಾವ ಜಾತಿಯ ಮಾಹಿತಿ ಎಂದು ಹೆಸರಿನ ಮುಂದಿನ ಒಂದೆರಡು ಅಕ್ಷರಗಳೇ ಹೇಳಬೇಕು. ಹಂಗೇರಿಯನ್ ಪದ್ಧತಿ ಎಂದು ಪ್ರಸಿದ್ಧವಾದ ಅದನ್ನು ಅವನು ಕೆಲಸ ಮಾಡಿದ ಮೈಕ್ರೋಸಾಫ್ಟೇ ಮುಂದೆ ಡಾಟ್‌ನೆಟ್‌ನ ನಿಯಮಾವಳಿಯಲ್ಲಿ ಬೇಡವೆಂದಿತು. ನಮ್ಮ ಹಳಗನ್ನಡ ವ್ಯಾಕರಣಕಾರ ಕೇಶಿರಾಜ ಳಕಾರದಲ್ಲಿ ರಳ, ಕುಳ, ಕ್ಷಳ ಎಂದು ಮೂರನ್ನು ಬೇರ್ಪಡಿಸಿದಾಗ ಮಾಡಿದ್ದೂ ಮುಂದಿನ ಅಕ್ಷರದಲ್ಲಿ ಗುರುತು ಇಡುವ ಕೆಲಸವೇ. ಆವತಿಯ ನಾಡಪ್ರಭುಗಳ ಮನೆಯಲ್ಲಿ ರಣಭೈರೇಗೌಡ, ಮಲ್ಲಭೈರೇಗೌಡ ಎಂದು ಹಿಂದಿನ ಭಾಗ ಮನೆತನಕ್ಕೆ, ಮುಂದಿನದು ಆಳಿಗೆ ಎಂಬಂತೆ ಹೆಸರು ನಡೆದುಬಂದದ್ದೂ ನೆನಪಾಗುತ್ತದೆ.

ಇಷ್ಟೆಲ್ಲ ಹೇಳಿದವನಿಗೆ ಗಿಡ್ಡ ಹೆಸರು ಇಷ್ಟವಿರಬೇಕು ಎನ್ನಬೇಡಿ. ಇಂಗ್ಲಿಷ್ ಪದದ ಸ್ವರಗಳನ್ನೆಲ್ಲ ಕಿತ್ತು, ಕಸ್ಟಮರ್ ಎಂಬುದನ್ನು 'ಸಿಎಸ್‌ಟಿಎಂಆರ್' ಎಂದು ಬರೆಯುವ ಚಾಳಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಪಕ್ಕದ ಫೈಲಿನಲ್ಲಿ ಅದೇ ಗಿರಾಕಿ 'ಕಸ್ಟ್' ಆಗಿರುತ್ತಾನೆ, ಅದರಾಚೆ 'ಸಿಎಂ'. ಹುಡುಕುವವನ ಗತಿ ಏನು?

ಹಾಗಾದರೆ 'ಘು' ಏಕೆ ಸರಿ, 'ಸಿಎಂ' ಏಕೆ ತಪ್ಪು? ಭೂಮಿ ಜಾಲತಾಣದಲ್ಲಿ ಪಹಣಿ ನೋಡುವಾಗ ಇದಕ್ಕೆ ದಾರಿ ಕಾಣಿಸಿತು. ಸುಮಾರು 67 ಲಕ್ಷ ಜಮೀನುದಾರರ 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದ ಮಹಾಕಾರ್ಯ ಅದು. ಅಲ್ಲಿ ಸರ್ವೆ ನಂಬರಿಗೂ ಹಿಸ್ಸಾ ನಂಬರಿಗೂ ನಡುವೆ 'ಸರ್ನಾಕ್' ಎಂಬ ಮನೆಯೊಂದಿದೆ. ಬಹಳ ಕಡೆ ಅದರಲ್ಲಿ ಒಂದು ನಕ್ಷತ್ರ ಚಿಹ್ನೆ ಮಾತ್ರ ಇರುತ್ತದೆ. ಕೋಡಿನೊಳಗೆ ಇಟ್ಟುಕೊಂಡ ಹೆಸರು ಹೊರಬಾಗಿಲಿಗೆ ಬಂದು ನಿಂತಂತಿದೆ. ಅದೇ ಪಹಣಿಯನ್ನು ಕೈಯಲ್ಲಿ ಹಿಡಿದ ರೈತ "ಒಂಬತ್ತನೇ ಕಾಲಂನಲ್ಲಿ ಹೆಸರು ಬಂದೈತಾ, ಹನ್ನೊಂದರಲ್ಲಿ ಸಾಲ ಐತಾ ನೋಡಿ ಸ್ವಾಮಿ" ಎನ್ನುತ್ತಾನೆ. ಒಂಬತ್ತು, ಹನ್ನೊಂದು ಎಂಬ ಸಂಖ್ಯೆಗಳಲ್ಲಿ ಯಾವ ಅರ್ಥ ಅಡಗಿದೆ? ಆದರೂ ಅವನಿಗೆ ಗೊಂದಲವಿಲ್ಲ. ಪಹಣಿಯ ತಲೆಯಲ್ಲೇ ಒಂಬತ್ತೆಂದರೆ ಏನು ಎಂದು ಅಚ್ಚಾಗಿದೆ, ಊರೆಲ್ಲ ಅದನ್ನೇ ಬಾಯಿತುಂಬ ಹೇಳುತ್ತದೆ.

ಪಾಣಿನಿಯಲ್ಲೂ ಅಷ್ಟೇ. ಹೆಸರುಗಳನ್ನು ಘೋಷಿಸುವ ಅವನ ಸಂಜ್ಞಾಸೂತ್ರಗಳಲ್ಲಿ ಬಹುಪಾಲು ಮೊದಲ ಅಧ್ಯಾಯದಲ್ಲೇ ಇವೆ. 'ವಧೂ' ಶಬ್ದಕ್ಕೂ 'ನದೀ' ಎಂಬ ಸಂಜ್ಞೆ ಕೊಟ್ಟರೂ ಯಾವ ವಿದ್ಯಾರ್ಥಿಯೂ ದಾರಿ ತಪ್ಪಲಿಲ್ಲ, ಏಕೆಂದರೆ ಘೋಷಣೆ ಆಗಿತ್ತು, ಎಲ್ಲರೂ ಅದನ್ನು ಬಾಯಿಪಾಠ ಮಾಡಿದ್ದರು. ಆ ಹುಡುಗರ ಜಗಳ ಉದ್ದಳತೆಯದೆಂದು ನಾನೂ ಇಲ್ಲಿಯವರೆಗೆ ಅಳೆಯುತ್ತ ಬಂದೆ. ನಿಜವಾಗಿ ಕೇಳಬೇಕಾದದ್ದು, ಆ ಕಂಪನಿಯ ಸಂಜ್ಞಾಸೂತ್ರ ಎಲ್ಲಿದೆ, ಅದನ್ನು ಯಾರು ಯಾರು ಓದಿದ್ದಾರೆ ಎಂದು.

ಆದ್ದರಿಂದ ಸೋಮವಾರದ ಸಭೆಗೆ ಕೋಡ್ ಬರೆಯುವವರಷ್ಟೇ ಕೂತರೆ ಸಾಲದು. ಜಮೀನು ಅಳೆಯುವ ಸರ್ವೆಯರ್, ಪತ್ರ ನೋಡುವ ವಕೀಲರು ಬರಲಿ. ಅವರ ಬಾಯಲ್ಲಿರುವ ಹಿಸ್ಸಾ, ಪೈಕಿ, ಖಾತೆಗಳೇ ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಕೋಡಿಗೆ ಇಳಿಯಲಿ. ಪ್ರತಿಯೊಂದು ಗಿಡ್ಡ ಹೆಸರೂ ಒಂದು ಪುಟದಲ್ಲಿ ಅರ್ಥ ಸಹಿತ ದಾಖಲಾಗಲಿ, ಆ ಪುಟದಲ್ಲಿ ಇಲ್ಲದ ಹೆಸರು ಕಂಡರೆ ರಿವ್ಯೂ ಮಾಡುವವರು ಕೋಡನ್ನು ವಾಪಸು ಕಳಿಸಲಿ. ಉದಾಹರಣೆಗೆ, ಸರ್ವೆಯವರು ಖರಾಬಿನಲ್ಲಿ ಅ ಎಂದೂ ಬ ಎಂದೂ ಎರಡು ಮಾಡುತ್ತಾರೆ. ಬಂಡೆ-ಗಿಂಡೆಯಿಂದ ಸಾಗುವಳಿಗೆ ಒದಗದೆ ಹಿಡುವಳಿಯೊಳಗೇ ಉಳಿದದ್ದು ಅ ಖರಾಬು. ದಾರಿ, ಹಳ್ಳ, ಸ್ಮಶಾನ ಎಂದು ಸಾರ್ವಜನಿಕರಿಗೆ ಬಿಟ್ಟದ್ದು ಬ ಖರಾಬು. ಇವನ್ನು 'ವೇಸ್ಟ್1', 'ವೇಸ್ಟ್2' ಎಂದು ಬರೆದಿಟ್ಟರೆ, ಮುಂದೆ ಬರುವ ಹೊಸಬ ಎರಡನ್ನೂ ಕೂಡಿಸಿ ಮಾರುವವನ ವಿಸ್ತೀರ್ಣಕ್ಕೆ ಸೇರಿಸಿಬಿಡುತ್ತಾನೆ, ಊರವರು ನಡೆಯುವ ದಾರಿ ಲೇಔಟಿನ ನಕ್ಷೆಯಲ್ಲಿ ಸೈಟಾಗುತ್ತದೆ.