ಸರ್ಟಿಫಿಕೇಟ್ ಬಂತು, ಮಗುವಿಗೇನು ಬಂತು?

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಮಾಡುವ ತರಬೇತಿಯನ್ನು ನಮ್ಮ ಶಿಕ್ಷಕರು ಈಗ ದೀಕ್ಷಾ ಆ್ಯಪಿನಲ್ಲೇ ಮುಗಿಸಬಹುದು. ವಿಡಿಯೊ ನೋಡಿ, ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಸರ್ಟಿಫಿಕೇಟ್. ಆದರೆ ಕಿವಿ ಸರಿಯಾಗಿ ಕೇಳದ ಹುಡುಗಿ ಮರುದಿನವೂ ಹಿಂದಿನ ಸಾಲಿನಲ್ಲೇ.

ಆನ್‌ಲೈನ್ ಬೇಡ ಎನ್ನುತ್ತಿಲ್ಲ ನಾವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಇಷ್ಟನ್ನೂ ತಿಳಿಯಲು ಫೋನ್ ಒಳ್ಳೆಯ ದಾರಿ. ಆದರೆ ಅವಳನ್ನು ಮುಂದೆ ಕೂರಿಸಿ, ಬೋರ್ಡಿನತ್ತಲ್ಲ, ಅವಳತ್ತ ಮುಖ ಮಾಡಿ ಮಾತಾಡುವುದು ರೂಢಿಯಿಂದಲೇ ಬರಬೇಕು.

ಇಂಥ ಮಕ್ಕಳಿಗೆಂದೇ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಶಿಕ್ಷಕರ ಹುದ್ದೆಯಿದೆ. ವಿಡಿಯೊ ಮುಗಿದ ಮೇಲೆ ಅವರು ಶಾಲೆಗೇ ಬಂದು, ಆ ಮಗುವಿಗೇ ಪಾಠ ಮಾಡಿ ತೋರಿಸಲಿ. ಆಗಷ್ಟೇ ತರಬೇತಿ ಮುಗಿದಂತೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳೋಣ: ಸರ್ಟಿಫಿಕೇಟ್ ಬಂತಲ್ಲ ಸಾರ್, ನಮ್ಮ ಮಗಳು ಈಗ ಎಲ್ಲಿ ಕೂರುತ್ತಾಳೆ?